ಗಂಡಸರು ಕಿಲ್ಟ್, ಸ್ಕರ್ಟ್ ಹಾಕ್ಕೊಂಡು ಪೇಟೆಗೆ ಹೋಗೋದು ಹೇಗೆ: ಶಿರಸಿ-ಕಾರವಾರ ಕಡೆಯವರಿಗೊಂದು ಗೈಡ್

ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಉಡೋ ನೆರಿಗೆ ಸ್ಕರ್ಟ್) ಹಾಕ್ಬೇಕು ಅಂತ ಆಸೆ ಇಟ್ಕೊಂಡು ರಾತ್ರಿ ಮೊಬೈಲಲ್ಲಿ ಫೋಟೋ ನೋಡಿ ನೋಡಿ ಬೆಳಿಗ್ಗೆ ಮತ್ತೆ ಅದೇ ಜೀನ್ಸ್ ಏರಿಸ್ಕೊಂಡು ಹೋಗೋ ಗಂಡಸರು ನಮ್ಮ ಜಿಲ್ಲೇಲೂ ಇದಾರೆ. ಶಿರಸಿ ಪೇಟೇಲಿ ನನ್ನನ್ನ ನೋಡಿ ಪಕ್ಕಕ್ಕೆ ಕರ್ದು "ಎಲ್ಲಿ ಹೊಲ್ಸಿದ್ದು ಮಾರಾಯ?" ಅಂತ ಮೆಲ್ಲಗೆ ಕೇಳಿದವ್ರು ಇದಾರೆ, ಅವ್ರಿಗೆ ರಸ್ತೆ ಮಧ್ಯ ನಿಂತು ಅಷ್ಟೂ ಹೇಳೋಕೆ ಆಗಲ್ಲ, ಹಾಗಾಗಿ ಇಲ್ಲಿ ಬಟ್ಟೆ ತಗೊಳ್ಳೋದ್ರಿಂದ ಹಿಡಿದು ಮಳೆಗಾಲದಲ್ಲಿ ಒಣಗ್ಸೋವರೆಗೆ ಎಲ್ಲಾ ಬರ್ದಿದೀನಿ.

ಮೊದ್ಲೇ ಒಂದು ಮಾತು. ಕಾಲಿಗೆ ಎರಡು ಕೊಳವೆ ಇಲ್ದೇ ಇರೋ ಬಟ್ಟೆ ಹಾಕಿದ ಗಂಡಸು ನಮ್ಮೂರಿಗೆ ಹೊಸಬ ಅಲ್ವೇ ಅಲ್ಲ. ಅಡಿಕೆ ವಖಾರಿಗೆ ಹೋಗಿ ನೋಡಿ, ಬೈತಖೋಲ ಬಂದರಿಗೆ ಹೋಗಿ ನೋಡಿ, ಅರ್ಧ ಜನ ಪಂಚೆ, ಲುಂಗಿ, ಅದೂ ಮೊಣಕಾಲಿಂದ ಮೇಲೆ ಎತ್ತಿ ಕಟ್ಟಿರ್ತಾರೆ. ಬಡಗುತಿಟ್ಟಿನ ಯಕ್ಷಗಾನ ಆಟದಲ್ಲಿ ಗಂಡಸರೇ ಸ್ತ್ರೀವೇಷ ಮಾಡಿ ರಾತ್ರಿಯಿಡೀ ಕುಣಿದ್ರೆ ನಾವು ಚಪ್ಪಾಳೆ ಹೊಡೀತೀವಿ. ಹಾಗಿದ್ರೆ ಕಿಲ್ಟ್ ನೋಡಿ ಜನ ಯಾಕೆ ತಿರುಗ್ತಾರೆ ಅಂದ್ರೆ ಅದ್ರಲ್ಲಿ ಹೊಲಿಗೆ ಇದೆ, ನೆರಿಗೆ ಇದೆ, ಅವ್ರು ಇದುವರೆಗೆ ನೋಡಿಲ್ಲ, ಅಷ್ಟೇ. ನೋಡಿ ನೋಡಿ ಅಭ್ಯಾಸ ಆಗ್ಬೇಕು ಅಂದ್ರೆ ಹಬ್ಬಕ್ಕೋ ಫೋಟೋ ತೆಗ್ಸೋಕೋ ಅಂತ ಹಾಕ್ಬಾರ್ದು, ಹಾಲು ತರೋಕೆ, ಬ್ಯಾಂಕಿಗೆ, ಬೈಕ್ ರಿಪೇರಿಗೆ ಹಾಕ್ಬೇಕು. ನನ್ನ ಪೂರ್ತಿ ಮಾತು ಇದೇ, ಕೆಳಗಿರೋದೆಲ್ಲ ಅದನ್ನ ಹೇಗೆ ಮಾಡೋದು ಅನ್ನೋದಷ್ಟೇ.

ಮೊದಲು: ಯಾವುದು ಬೇಕು ಅಂತ ನಿರ್ಧಾರ ಮಾಡಿ

ಕಿಲ್ಟ್ ಅಂದ್ರೆ ಸುತ್ತಿ ಕಟ್ಟೋದು, ಮುಂದೆ ಎರಡು ಪದರ ಚಪ್ಪಟೆ ಬಟ್ಟೆ ಒಂದ್ರ ಮೇಲೊಂದು ಬರುತ್ತೆ, ನೆರಿಗೆ ಪೂರ್ತಿ ಹಿಂದೆ ಇರುತ್ತೆ, ಬಕಲ್ ಸೊಂಟದ ಪಕ್ಕದಲ್ಲಿ, ಉದ್ದ ಮೊಣಕಾಲಿನ ಮಧ್ಯದವರೆಗೆ. ಮೇಲಿನ ಪದರದ ಬಾಯಿ ಬಲಗಡೆ ಬರ್ಬೇಕು. ಯುಟಿಲಿಟಿ ಕಿಲ್ಟ್ ಅಂತ ಇನ್ನೊಂದಿದೆ, ಅದು ದಪ್ಪ ಕಾಟನ್ನಿಂದು, ಪಕ್ಕದಲ್ಲಿ ದೊಡ್ಡ ಜೇಬು ಇರುತ್ತೆ, 2000ದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುವಾದ ಯುಟಿಲಿಕಿಲ್ಟ್ಸ್ ಕಂಪನಿಯಿಂದ ಇದು ಜನಪ್ರಿಯ ಆಯ್ತು. ಸ್ಕರ್ಟ್ ಅಂದ್ರೆ ಎಲಾಸ್ಟಿಕ್ಕೋ ಜಿಪ್ಪೋ ಇರೋದು, ಉದ್ದ ನಿಮ್ಮಿಷ್ಟ. ಮೊದಲ್ನೇದಕ್ಕೆ ನಾನು ಹೇಳೋದು ಒಂದೇ ಬಣ್ಣದ ಯುಟಿಲಿಟಿ ಕಿಲ್ಟ್, ಕಡು ಬೂದಿಯೋ ಕಡು ನೀಲಿಯೋ ಖಾಕಿಯೋ, ಯಾಕಂದ್ರೆ ಅದು ದೂರದಿಂದ ಬರ್ಮುಡಾ ತರ ಕಾಣುತ್ತೆ, ಹತ್ರ ಬಂದ್ಮೇಲೇ ಗೊತ್ತಾಗೋದು. ಅಷ್ಟೊತ್ತಿಗೆ ನೀವು ಮಾತಾಡೋಕೆ ಶುರು ಮಾಡಿರ್ತೀರಿ.

ಕಿಲ್ಟ್ ಅಂದ ಕೂಡ್ಲೇ ರಾಜ ಮನೆತನ, ಮದುವೆ, ಬ್ಯಾಂಡು ಅಂತ ತಲೇಲಿ ಬರುತ್ತೆ, ಆದ್ರೆ ಅದು ಮೂಲದಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಲ್ಲಿ ದನ ಕಾಯೋರ, ಮಳೇಲಿ ನಡೆಯೋರ ಬಟ್ಟೆ. 16ನೇ ಶತಮಾನದಲ್ಲಿ ಅದು ಮೈಮೇಲೆ ಹೊದ್ದು ಸೊಂಟಕ್ಕೆ ಬೆಲ್ಟ್ ಬಿಗಿಯೋ ಉದ್ದ ಬಟ್ಟೆ, ರಾತ್ರಿ ಅದೇ ಹೊದಿಕೆ. ಸೊಂಟದಿಂದ ಕೆಳಗಷ್ಟೇ ಇರೋ ಈಗಿನ ರೂಪ ಬಂದಿದ್ದು 18ನೇ ಶತಮಾನದಲ್ಲಿ. 1746ರಲ್ಲಿ ಬ್ರಿಟಿಷ್ ಸರ್ಕಾರ ಕಾನೂನು ಮಾಡಿ ಅದನ್ನ ನಿಷೇಧ ಮಾಡ್ತು, ಮೊದಲ ಸಲ ಸಿಕ್ಕಿಬಿದ್ರೆ 6 ತಿಂಗಳು ಜೈಲು, ಎರಡನೇ ಸಲಕ್ಕೆ 7 ವರ್ಷ ಗಡಿಪಾರು, ಅದೂ ಗಂಡಸರಿಗೆ, ಹುಡುಗರಿಗೆ ಮಾತ್ರ, ಸೈನ್ಯದಲ್ಲಿರೋರಿಗೆ ಬಿಟ್ಟು. 1782ರಲ್ಲಿ ತೆಗೆದ್ರು. ಒಂದು ಸರ್ಕಾರ ಒಂದು ಬಟ್ಟೆಗೆ ಇಷ್ಟು ಹೆದರಿತ್ತು ಅಂದ್ರೆ ಅದು ಹಾಕ್ಕೊಂಡವ್ರಿಗೆ ಎಷ್ಟು ಮುಖ್ಯ ಆಗಿತ್ತು ನೋಡಿ. ಟಾರ್ಟನ್ ಚೌಕಳಿ ಬೇಕಾ ಅಂತ ಕೇಳ್ತೀರಿ, ಇಂಥಾ ಮನೆತನದವ್ರೇ ಹಾಕ್ಬೇಕು ಅಂತ ಕಾನೂನೇನಿಲ್ಲ, ಹಾಕಬಹುದು. ಆದ್ರೆ ನಮ್ಮಲ್ಲಿ ಯಕ್ಷಗಾನದ ಪುರುಷವೇಷದವ್ರು ಉಡೋ ಕಸೆ ಸೀರೇಲೇ ಚೌಕಳಿ ಇದೆ, ಒಂದ್ಸಲ ಅದ್ರ ಬಣ್ಣ ನೋಡಿ ಆಮೇಲೆ ಅಂಗಡಿಗೆ ಹೋಗಿ.

ಬಟ್ಟೆ ಮತ್ತು ಅಳತೆ

ಫೋಟೋದಲ್ಲಿ ಕಾಣೋ ಒಳ್ಳೇ ಸ್ಕಾಟಿಷ್ ಕಿಲ್ಟ್‌ಗಳು ಉಣ್ಣೆ, 8 ಗಜ ಬಟ್ಟೆ. ಕಾರವಾರದ ಸೆಖೇಲಿ ಅದು ಆಗೋ ಮಾತಲ್ಲ. ಪೂರ್ತಿ ಕಾಟನ್ ಬೇಸಿಗೇಲಿ ಚೆನ್ನಾಗಿರುತ್ತೆ ಆದ್ರೆ ಜೂನಿಂದ ಸೆಪ್ಟೆಂಬರ್‌ವರೆಗೆ ಒಣಗಲ್ಲ, ಬೂಷ್ಟು ಹಿಡಿಯುತ್ತೆ, ನೆರಿಗೇನೂ ನಿಲ್ಲಲ್ಲ. ಕಾಟನ್ ಡ್ರಿಲ್ ಒಂದು, ಪಾಲಿ-ವಿಸ್ಕೋಸ್ ಪ್ಯಾಂಟ್ ಪೀಸ್ ಒಂದು, ಹೀಗೆ ಎರಡು ಇದ್ರೆ ವರ್ಷ ಪೂರ್ತಿ ಆಗುತ್ತೆ. ಲುಂಗಿ ಬಟ್ಟೇಲಿ ಮಾತ್ರ ಹೊಲಿಸ್ಬೇಡಿ, ತೆಳು, ಕಡಲ ಗಾಳಿಗೆ ಹಾರುತ್ತೆ, ಬೆಳಕಿಗೆ ಎದುರು ನಿಂತ್ರೆ ಕಾಲು ಕಾಣುತ್ತೆ.

ಅಳತೆ ಮೂರು. ಸೊಂಟ ಅಂದ್ರೆ ಜೀನ್ಸ್ ಕೂರೋ ಜಾಗ ಅಲ್ಲ, ಹೊಕ್ಕಳ ಹತ್ರ, ಹಾಗಾಗಿ ಜೀನ್ಸ್ ನಂಬರ್ ಹೇಳಿದ್ರೆ ಕಿಲ್ಟ್ ಕೂರಲ್ಲ. ಎರಡನೇದು ಹಿಂಭಾಗ ಎಲ್ಲಿ ಅಗಲ ಜಾಸ್ತಿ ಇದೆಯೋ ಅಲ್ಲಿ ಸುತ್ತಳತೆ. ಮೂರನೇದು ಹೊಕ್ಕಳಿಂದ ಮೊಣಕಾಲ ಚಿಪ್ಪಿನ ಮಧ್ಯದವರೆಗೆ ಉದ್ದ. ಉದ್ದ ಸರಿ ಇದ್ಯಾ ಅಂತ ನೋಡೋಕೆ ನೆಲಕ್ಕೆ ಮಂಡಿ ಊರಿ ನೆಟ್ಟಗೆ ಇರಿ, ಅಂಚು ನೆಲದಿಂದ ಒಂದಿಂಚು ಮೇಲಿದ್ರೆ ಸರಿ.

ಈಗ ಲೆಕ್ಕ, ಇದನ್ನ ಬರ್ಕೊಂಡೇ ಹೋಗಿ. ಸೊಂಟ 34, ಹಿಂಭಾಗ 38, ಉದ್ದ 24 ಅಂತ ಇಟ್ಕೊಳ್ಳಿ. 38ರಲ್ಲಿ ಅರ್ಧ ಅಂದ್ರೆ 19 ಇಂಚು ಮುಂದಿನ ಪದರ, ಅಷ್ಟೇ ಒಳಗಿನ ಪದರ, ಉಳಿದ 19 ಇಂಚು ಹಿಂದೆ ನೆರಿಗೆ. ಒಂದೊಂದು ನೆರಿಗೆ ಹೊರಗೆ ಒಂದಿಂಚು ಕಾಣ್ಬೇಕು, ಒಳಗೆ ಎರಡಿಂಚು ಆಳ ಮಡಚಿರ್ಬೇಕು, ಹೋಗಿ ಬಂದು ಅದೇ ನಾಲ್ಕಿಂಚು, ಅಂದ್ರೆ ಒಂದು ನೆರಿಗೆಗೆ 5 ಇಂಚು ಬಟ್ಟೆ, 19 ನೆರಿಗೆಗೆ 95. ಎರಡು ಪದರ ಸೇರಿ 38. ಒಟ್ಟು 133 ಇಂಚು. 58 ಇಂಚು ಪನ್ನಾದ (ಅಗಲದ) ಬಟ್ಟೆ 2 ಮೀಟರ್ ತಗೊಂಡ್ರೆ ಸಾಕು, ಅದನ್ನ ಉದ್ದಕ್ಕೆ 27 ಇಂಚಿನ ಎರಡು ಪಟ್ಟಿ ಮಾಡಿ ಜೋಡಿಸಿದ್ರೆ ಸುಮಾರು 157 ಇಂಚು ಸಿಗುತ್ತೆ, ಜೋಡಿಸಿದ ಹೊಲಿಗೆ ನೆರಿಗೆ ಒಳಗೆ ಮುಚ್ಚಿಹೋಗುತ್ತೆ, ಉಳಿದ 24 ಇಂಚಲ್ಲಿ ಅಂಚು ಮಡಚೋದು, ಪದರದ ಪಕ್ಕದ ಆಳ ನೆರಿಗೆ ಎಲ್ಲಾ ಆಗುತ್ತೆ, ಪನ್ನಾದಲ್ಲಿ ಉಳಿಯೋ 4 ಇಂಚು ಪಟ್ಟಿ ಸೊಂಟಕ್ಕೆ. 27 ಯಾಕೆ ಅಂದ್ರೆ 24 ಉದ್ದ, ಮೇಲೆ 1, ಕೆಳಗೆ ಮಡಚೋಕೆ 2. ಕಾಟನ್ ಆದ್ರೆ ಕತ್ತರಿಸೋ ಮೊದ್ಲು ನೀರಲ್ಲಿ ನೆನ್ಸಿ ಒಣಗ್ಸಿ.

ಟೈಲರ್ ಹತ್ರ

ಸೂಟ್ ಹೊಲಿಯೋ ಟೈಲರ್ ಹತ್ರ ಹೋಗ್ಬೇಡಿ. ಹೆಣ್ಮಕ್ಕಳ ಸ್ಕೂಲ್ ಯೂನಿಫಾರ್ಮ್ ಹೊಲಿಯೋರ ಹತ್ರ ಹೋಗಿ, ನೆರಿಗೆ ಸ್ಕರ್ಟ್ ಅವ್ರ ಕೈಗೆ ಪಳಗಿರುತ್ತೆ. ಜೂನ್ ಜುಲೈ ಬೇಡ, ಆಗ ಅವ್ರಿಗೆ ಉಸಿರಾಡೋಕೂ ಪುರ್ಸೊತ್ತಿರಲ್ಲ, ನವೆಂಬರ್ ಆಚೆ ಹೋಗಿ.

ನಾನು ಹೋಗಿದ್ದು ಶಿರಸಿ ದೇವಿಕೆರೆ ಹತ್ರ ಇರೋ ಒಬ್ರು ಟೈಲರ್ ಅಕ್ಕನ ಹತ್ರ. "ತಮಾ, ಯಾರಿಗೆ ಇದು, ತಂಗಿಗಾ? ಅಳತೆಗೆ ಅವಳನ್ನೇ ಕರ್ಕೊಂಡು ಬಾ" ಅಂದ್ರು. ನಂಗೇ ಅಕ್ಕಾ ಅಂದೆ. ಅವ್ರು ಒಂದ್ಸಲ ನನ್ನ ಮುಖ ನೋಡಿದ್ರು, ಟೇಪ್ ಕುತ್ತಿಗೆಯಿಂದ ತೆಗೆದ್ರು, "ಹಿಂದೆ ನೆರಿಗೆ ಅಂದ್ಯಲಾ, ಕೂತ್ರೆ ಮುದ್ದೆ ಆಗ್ತಿಲ್ಯಾ?" ಅಂದ್ರು. ಅಲ್ಲಿಗೆ ಮುಗೀತು, ಆಮೇಲೆ ಅವ್ರ ತಲೇಲಿದ್ದಿದ್ದು ನೆರಿಗೆ ಮಾತ್ರ. ನೆರಿಗೇನ ಮೇಲಿಂದ ನಾಲ್ಕಿಂಚು ಕೆಳಗಿನವರೆಗೆ ಹೊಲಿದು ಕೂರ್ಸಿದ್ರೆ ಮುದ್ದೆ ಆಗಲ್ಲ ಅಂತ ಅವ್ರೇ ಕಂಡ್ಕೊಂಡ್ರು, ಸೊಂಟದ ಹತ್ರ ಒಂದೊಂದು ನೆರಿಗೇಲಿ ಸ್ವಲ್ಪ ಸ್ವಲ್ಪ ಒಳಗೆ ತಗೊಂಡು 38ನ್ನ 34ಕ್ಕೆ ಇಳ್ಸಿದ್ರು. ಕೆಲಸ ಗೊತ್ತಿರೋರ ಹತ್ರ ಕೆಲಸದ ಮಾತು ಆಡಿದ್ರೆ ನಾಚಿಕೆ ಪಡೋಕೆ ಟೈಮೇ ಇರಲ್ಲ, ನಿಮಗೂ ಅವ್ರಿಗೂ.

ಹೇಳಿ ಮಾಡಿಸ್ಕೊಬೇಕಾದ್ದು: ಸೊಂಟದ ಪಟ್ಟಿ ಒಳಗೆ ಕ್ಯಾನ್ವಾಸ್, ಎರಡು ಬಕಲ್ ಅಥವಾ ಗಟ್ಟಿ ಪ್ಯಾಂಟ್ ಹುಕ್ಕು, ಬೆಲ್ಟ್ ಲೂಪ್, ಎರಡೂ ಪಕ್ಕ ಜೇಬು, ಒಂದಕ್ಕೆ ಜಿಪ್. ವೆಲ್ಕ್ರೋ ಒಂದನ್ನೇ ನಂಬ್ಬೇಡಿ, ನೆಂದ್ರೆ ಹಿಡಿತ ಹೋಗುತ್ತೆ. ಹೊಲಿಗೆ ರೇಟ್ ಪ್ಯಾಂಟಿಗಿಂತ ಜಾಸ್ತಿ ಕೇಳ್ತಾರೆ, ಚೌಕಾಸಿ ಮಾಡ್ದೇ ಕೊಡಿ, 19 ನೆರಿಗೆ ಇಸ್ತ್ರಿ ಹಾಕಿ ಕೂರ್ಸೋದು ಸಣ್ಣ ಕೆಲಸ ಅಲ್ಲ. ಜೇಬು ಬೇಡ ಅಂದ್ರೆ ಮುಂದೆ ಚರ್ಮದ ಚೀಲ ಕಟ್ಕೊಳ್ಳೋ ಪದ್ಧತಿ ಇದೆ, ಸ್ಪೋರನ್ ಅಂತಾರೆ, ನಮ್ಮ ಅಜ್ಜಂದಿರ ಸೊಂಟದ ಕವಳದ ಸಂಚಿ ಇದ್ದ ಹಾಗೇ.

ಒಳಗೆ ಏನು

ಹಾಕಿ. ಒಳಗೆ ಏನೂ ಹಾಕದವನೇ ನಿಜವಾದ ಸ್ಕಾಟ್ ಅನ್ನೋ ಮಾತು ಕೇಳಿರ್ತೀರಿ, 2010ರಲ್ಲಿ ಅಲ್ಲಿನ ಸ್ಕಾಟಿಷ್ ಟಾರ್ಟನ್ಸ್ ಅಥಾರಿಟಿಯ ನಿರ್ದೇಶಕರೇ ಅದು ಬಾಲಿಶ, ಶುಚಿ ಅಲ್ಲ ಅಂತ ಹೇಳಿದ್ರು. ಮೈಗೆ ಅಂಟೋ ಕಡು ಬಣ್ಣದ ಶಾರ್ಟ್ಸ್, ತೊಡೆ ಅರ್ಧದವರೆಗೆ ಬರೋದು, ತೊಡೆ ತೊಡೆ ಉಜ್ಜಿ ಉರಿ ಬರೋದೂ ತಪ್ಪುತ್ತೆ, ಗಾಳಿಗೆ ಹಾರಿದ್ರೂ ಮಾನ ಉಳಿಯುತ್ತೆ. ಆದ್ರೆ ಅದು ಕಾಟನ್ ಇರ್ಲಿ, ದಿನಾ ಬದಲಾಯ್ಸಿ. ಕರಾವಳಿ ಗಂಡಸರಲ್ಲಿ ತೊಡೆಸಂದಿ ಗಜಕರ್ಣ ಎಷ್ಟು ಅಂತ ಯಾವ ಚರ್ಮದ ಡಾಕ್ಟರ್ ಹತ್ರ ಕೇಳಿದ್ರೂ ಹೇಳ್ತಾರೆ, ಬೆವರು ನಿಲ್ಲೋ ಬಿಗಿ ಜೀನ್ಸ್ ಅದಕ್ಕೆ ಒಳ್ಳೇದಲ್ಲ, ಸಡಿಲ ಬಟ್ಟೆ ಹಾಕಿ ಅಂತಾನೇ ಅವ್ರು ಹೇಳೋದು. ಈಗಾಗ್ಲೇ ಇದ್ರೆ ಮೆಡಿಕಲ್ ಶಾಪಲ್ಲಿ ಕೊಡೋ ಸ್ಟೀರಾಯ್ಡ್ ಸೇರಿದ ಕ್ರೀಮ್ ಹಚ್ಚಿ ಹಚ್ಚಿ ಇನ್ನಷ್ಟು ಹೆಚ್ಚಿಸ್ಕೊಬೇಡಿ, ಡಾಕ್ಟರ್ ಹತ್ರ ಹೋಗಿ. ಗಾಳಿ ಆಡೋದು ಈ ಬಟ್ಟೆಯ ದೊಡ್ಡ ಸುಖ, ನಾನು ಇದಕ್ಕೆ ಬಂದಿದ್ದೇ ಆ ಕಾರಣಕ್ಕೆ, ಅದನ್ನ ಹೇಳ್ಕೊಳ್ಳೋಕೆ ನಂಗೆ ಯಾವ ಮುಜುಗರವೂ ಇಲ್ಲ.

ಮನೇಲಿ ಒಂದು ವಾರ

ಕೂರೋದು, ಏಳೋದು, ಬಗ್ಗೋದು ಕಲೀಬೇಕು. ಕೂರೋವಾಗ ಅಂಗೈ ಹಿಂದೆ ಇಟ್ಟು ನೆರಿಗೇನ ಮೇಲಿಂದ ಕೆಳಗೆ ಸವರ್ಕೊಂಡು ಕೂತ್ಕೊಳ್ಳಿ, ಇಲ್ಲಾಂದ್ರೆ ನೆರಿಗೆ ಮುರಿಯುತ್ತೆ. ಕೂತ್ಮೇಲೆ ಮುಂದಿನ ಪದರ ಎರಡೂ ಮಂಡಿ ನಡುವೆ ಇಳಿಯೋ ಹಾಗೆ ಬಿಡಿ. ಕೆಳಗೆ ಬಿದ್ದಿದ್ದು ಎತ್ತೋಕೆ ಸೊಂಟದಿಂದ ಬಗ್ಗಬೇಡಿ, ಮಂಡಿ ಮಡಚಿ ಕೂತು ಎತ್ತಿ. ಊಟಕ್ಕೆ ನೆಲದ ಮೇಲೆ ಪಂಕ್ತೀಲಿ ಕೂರೋದಾದ್ರೆ ಕಿಲ್ಟ್ ಕಷ್ಟ, ಆಗ ಪಂಚೆಯೇ ಸರಿ, ಅದು ಆ ಕೆಲಸಕ್ಕೇ ಇರೋದು. ಉದ್ದ ಸ್ಕರ್ಟ್ ಆದ್ರೆ ಪರವಾಗಿಲ್ಲ, ಚಕ್ಕಳಮಕ್ಕಳ ಕೂರಬಹುದು.

ಮನೆಯವ್ರಿಗೂ ಈ ವಾರವೇ ಅಭ್ಯಾಸ ಆಗ್ಲಿ. ಭಾಷಣ ಮಾಡ್ಬೇಡಿ, ಹಾಕ್ಕೊಂಡು ಕೆಲಸ ಮಾಡಿ, ಬಾವಿಯಿಂದ ನೀರು ಸೇದಿ, ಅಡಿಕೆ ಹರವಿ. ಆಯಿ ಕೇಳೇ ಕೇಳ್ತಾಳೆ "ಎಂತದಾ ಅದು?" ಅಂತ. ಸೆಖೆಗೆ ಚೊಲೋ ಆಗ್ತು ಆಯಿ ಅಂತ ಅಷ್ಟೇ ಹೇಳಿ. ಅಜ್ಜಂದಿರು ಬೇಗ ಒಪ್ಪೋದು ನೋಡಿದ್ದೀನಿ, ಅವ್ರು ಜೀವನ ಪೂರ್ತಿ ಪ್ಯಾಂಟ್ ಹಾಕದವ್ರು. ಕಷ್ಟ ಕೊಡೋದು ನಮ್ಮದೇ ವಯಸ್ಸಿನ ಭಾವಂದಿರು. ಹೆಂಡ್ತಿಗೆ ಮಾತ್ರ ಮೊದ್ಲೇ ಹೇಳಿ, ಅವಳು ಹೊರಗೆ ನಾಲ್ಕು ಜನರ ಪ್ರಶ್ನೆಗೆ ಉತ್ತರ ಕೊಡ್ಬೇಕಾಗುತ್ತೆ, ತಯಾರಿ ಇಲ್ದೇ ಅವಳನ್ನ ಆ ಜಾಗದಲ್ಲಿ ನಿಲ್ಲಿಸೋದು ನ್ಯಾಯ ಅಲ್ಲ.

ಹೊರಗೆ ಕಾಲಿಡೋದು

ಮೊದಲ ದಿನಕ್ಕೆ ಮಂಗಳವಾರವೋ ಬುಧವಾರವೋ, ಬೆಳಿಗ್ಗೆ ಹತ್ತು ಗಂಟೆ, ಜನ ತಮ್ಮ ಕೆಲಸದಲ್ಲಿರೋ ಹೊತ್ತು. ಒಂದು ನಿಜವಾದ ಕೆಲಸ ಇಟ್ಕೊಂಡು ಹೋಗಿ, ಸಿ.ಪಿ. ಬಜಾರಲ್ಲಿ ಸಾಮಾನು ತರೋದೋ, ಕುಮಟಾ ಗಿಬ್ ಸರ್ಕಲ್ ಹತ್ರ ಜೆರಾಕ್ಸ್ ಮಾಡ್ಸೋದೋ. ಕೆಲಸ ಇಲ್ದೇ ಸುಮ್ನೆ ಅಡ್ಡಾಡಿದ್ರೆ ನಿಮ್ಮ ಗಮನ ಪೂರ್ತಿ ಜನರ ಕಣ್ಣಿನ ಮೇಲೇ ಇರುತ್ತೆ. ಮೇಲೆ ಮಾಮೂಲಿ ಶರ್ಟ್ ಇಸ್ತ್ರಿ ಹಾಕಿದ್ದು, ಕಾಲಿಗೆ ಗಟ್ಟಿ ಸ್ಯಾಂಡಲ್ ಅಥವಾ ಶೂ ಜೊತೆ ಮೊಣಕಾಲ ಕೆಳಗಿನವರೆಗೆ ಸಾಕ್ಸ್. ಹಳೇ ಟೀಶರ್ಟು, ಸವೆದ ಹವಾಯಿ ಚಪ್ಪಲಿ ಹಾಕಿದ್ರೆ ಅರ್ಧ ಬಟ್ಟೆ ಹಾಕಿ ಎದ್ದು ಬಂದ ಹಾಗೆ ಕಾಣುತ್ತೆ.

ಹೋಳಿ ಆಸುಪಾಸು ಶುರು ಮಾಡ್ಲೇಬೇಡಿ. ಶಿರಸೀಲಿ ಮಾರಿಜಾತ್ರೆ ಇಲ್ಲದ ವರ್ಷ ಬೇಡರ ವೇಷದ ಕುಣಿತ ಇರುತ್ತೆ, ಆ ಟೈಮಲ್ಲಿ ಏನು ಹಾಕಿದ್ರೂ ವೇಷ ಅಂತಾನೇ ಲೆಕ್ಕ, ಜನ ಸುತ್ತ ಸೇರಿ ಕುಣಿ ಅಂತಾರೆ, ಮತ್ತೆ ಮುಂದಿನ ತಿಂಗಳು ಅದೇ ಬಟ್ಟೇಲಿ ಬ್ಯಾಂಕಿಗೆ ಹೋದ್ರೂ ಅದೇ ನೆನಪು. ಜಾತ್ರೆ ನೂಕುನುಗ್ಗಲೂ ಮೊದ್ಲಿಗೆ ಬೇಡ. ರಾತ್ರಿ ಬಾರ್ ಎದುರು ಬೇಡ.

ಗಾಳಿ, ಬಸ್ಸು, ಸ್ಕೂಟರ್, ಉಂಬಳ (ಜಿಗಣೆ)

ಕಾರವಾರದ ಟಾಗೋರ್ ಬೀಚಲ್ಲಿ ಸಂಜೆ ಗಾಳಿ ಇದ್ದಾಗ ಹಿಂದಿನ ನೆರಿಗೆ ಭಾರಕ್ಕೆ ತಾನೇ ನಿಲ್ಲುತ್ತೆ, ಹಾರೋದು ಮುಂದಿನ ಪದರ. ಅದಕ್ಕೇ ಕಿಲ್ಟ್ ಪಿನ್ ಅಂತ ದೊಡ್ಡ ಪಿನ್ ಇರೋದು, ಬಲಗಡೆ ಕೆಳಮೂಲೇಲಿ ಹಾಕ್ಬೇಕು, ಮೇಲಿನ ಪದರಕ್ಕೆ ಮಾತ್ರ. ಎರಡೂ ಪದರ ಸೇರ್ಸಿ ಚುಚ್ಚಿದ್ರೆ ಹೆಜ್ಜೆ ಹಾಕೋವಾಗ ಎಳೆದು ಬಟ್ಟೆ ಹರಿಯುತ್ತೆ. ಅಂಚಿನ ಮಡಿಕೆ ಒಳಗೆ ನಾಲ್ಕು ವಾಷರ್ ಸೇರ್ಸಿ ಹೊಲ್ಸಿದ್ರೆ ಇನ್ನೂ ಒಳ್ಳೇದು. ತದಡಿಯಿಂದ ಅಘನಾಶಿನಿಗೆ ದೋಣೀಲಿ ದಾಟೋವಾಗ ಗಾಳಿಗೆ ಮುಖ ಮಾಡಿ ಕೂತ್ಕೊಳ್ಳಿ, ನಿಲ್ಬೇಡಿ.

ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು. ಹತ್ತೋವಾಗ ಹಿಂದಿನವ್ರು ಎರಡು ಮೆಟ್ಟಿಲು ಕೆಳಗಿರ್ತಾರೆ, ಒಂದು ಕೈ ಹಿಂದೆ ಇಟ್ಕೊಳ್ಳಿ, ಸೀರೆ ಉಟ್ಟವ್ರು ದಿನಾ ಮಾಡೋದೇ ಇದು. ರೈಲಲ್ಲಿ ಅಪ್ಪರ್ ಬರ್ತ್ ಇದ್ರೆ ಒಳಗೆ ಟ್ರ್ಯಾಕ್ ಪ್ಯಾಂಟ್ ಏರಿಸಿ ಹತ್ತಿ.

ಸ್ಕೂಟರ್ ಆಗುತ್ತೆ, ಕೂತ್ಮೇಲೆ ಎರಡೂ ಪಕ್ಕದ ಬಟ್ಟೇನ ತೊಡೆ ಕೆಳಗೆ ಸಿಕ್ಕಿಸ್ಕೊಂಡ್ರೆ ಊರೊಳಗೆ ಸಲೀಸು. ಗೇರ್ ಬೈಕಲ್ಲಿ ಬರಿಗಾಲಿಗೆ ಸೈಲೆನ್ಸರ್ ತಾಗುತ್ತೆ, ಹುಷಾರು. ಉದ್ದ ಸ್ಕರ್ಟ್ ಹಾಕಿ ಹಿಂದೆ ಕೂರೋದಾದ್ರೆ ಚಕ್ರದ ಪಕ್ಕದ ಸೀರೆ ಗಾರ್ಡ್ ಇದ್ಯಾ ನೋಡಿ, ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದಿನ ಚಕ್ರಕ್ಕೆ ರಕ್ಷಣೆ ಇರ್ಲೇಬೇಕು, ಆದ್ರೆ ಚೆಂದಕ್ಕೆ ಅಂತ ಬಿಚ್ಚಿ ಎಸೆಯೋ ಹುಡುಗರು ಬಹಳ. ದೇವಿಮನೆ ಘಟ್ಟ ಇಳಿಯೋದಾದ್ರೆ ಮಾತ್ರ ಪ್ಯಾಂಟ್ ಹಾಕಿ, ಬಿದ್ರೆ ರಸ್ತೆಗೆ ಉಜ್ಜೋದು ನಿಮ್ಮ ಚರ್ಮ.

ಮಳೆಗಾಲದಲ್ಲಿ ತೋಟಕ್ಕೆ ಗಿಡ್ಡ ಕಿಲ್ಟ್ ನಿಜಕ್ಕೂ ಒಳ್ಳೇದು, ಉಂಬಳ ಹತ್ತಿದ್ದು ಬರಿಗಾಲಲ್ಲಿ ತಕ್ಷಣ ಕಾಣುತ್ತೆ, ಪ್ಯಾಂಟ್ ಒಳಗೆ ಹೊಕ್ಕಿದ್ದು ರಕ್ತ ಇಳಿದ ಮೇಲೇ ಗೊತ್ತಾಗೋದು. ಉದ್ದ ಸ್ಕರ್ಟ್ ಬೇಡ, ಅಂಚು ಒದ್ದೆಯಾಗಿ ಕಾಲಿಗೆ ಸುತ್ತುತ್ತೆ. ಆದ್ರೆ ಡಿಸೆಂಬರಿಂದ ಮೇವರೆಗೆ ಸಿದ್ದಾಪುರ, ಹೊನ್ನಾವರ ಕಡೆ ಕಾಡಿಗೆ ದರಕು (ಒಣ ಎಲೆ) ತರೋಕೋ ಸೌದೆಗೋ ಹೋಗೋದಾದ್ರೆ ಕಿಲ್ಟ್ ಬೇಡವೇ ಬೇಡ. ಮಂಗನ ಕಾಯಿಲೆ ಉಣ್ಣಿಯಿಂದ ಬರೋದು, ಮೈ ಪೂರ್ತಿ ಮುಚ್ಚೋ ಬಟ್ಟೆ ಹಾಕಿ, ಉಣ್ಣಿ ಹತ್ತದ ಹಾಗೆ ಆರೋಗ್ಯ ಇಲಾಖೆಯವ್ರು ಕೊಡೋ ಡೆಪಾ (DEPA) ತೈಲ ಹಚ್ಕೊಂಡೇ ಹೋಗಿ. ಇದ್ರಲ್ಲಿ ಹಠ ಬೇಡ, ಜೀವದ ವಿಷಯ.

ಜನರ ಬಾಯಿ

ಹೆಚ್ಚಿನವ್ರು ನೋಡ್ತಾರೆ, ಅಷ್ಟೇ. ಕೆಲವ್ರು ನಗ್ತಾರೆ. ಕೇಳೋರಿಗೆ ನೆಟ್ಟಗೆ ಒಂದು ವಾಕ್ಯದ ಉತ್ತರ ಇಟ್ಕೊಳ್ಳಿ: "ಕಿಲ್ಟ್ ಅಂತ, ಆರಾಮಾಗುತ್ತೆ, ಇಲ್ಲೇ ಹೊಲ್ಸಿದ್ದು." ಇಲ್ಲೇ ಹೊಲ್ಸಿದ್ದು ಅನ್ನೋದು ಬಹಳ ಕೆಲಸ ಮಾಡುತ್ತೆ, ಮುಂದಿನ ಪ್ರಶ್ನೆ ರೇಟ್ ಬಗ್ಗೆ ಬರುತ್ತೆ. ವಖಾರೀಲಿ ಒಬ್ರು ಹಿರಿಯರು ನೆರಿಗೆ ಮುಟ್ಟಿ ನೋಡಿ "ಅಡ್ಡಿಲ್ಲೆ" ಅಂದಿದ್ರು, ನಮ್ಮ ಕಡೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ವಿಡಿಯೋ ಮಾಡೋ ಹುಡುಗರಿದ್ರೆ ಹತ್ರ ಹೋಗಿ ಮಾತಾಡ್ಸಿ, ಜಗಳ ಬೇಡ. ಗುಂಪು ಕುಡಿದಿದ್ರೆ ಮಾತೂ ಬೇಡ, ಹತ್ತಿರದ ಅಂಗಡಿ ಒಳಗೆ ಹೋಗಿ.

ಒಂದು ಕೆಲಸ ಮಾತ್ರ ಯಾವತ್ತೂ ಮಾಡ್ಬೇಡಿ. ಯಾರಾದ್ರೂ "ನೀನು ಹೆಂಗಸಾ, ಅವ್ರಾ?" ಅಂತ ಕೆಣಕಿದಾಗ "ಛೆ, ನಾನು ಅಂಥವನಲ್ಲ" ಅಂತ ಮಂಗಳಮುಖಿಯರನ್ನ, ಜೋಗಪ್ಪಂದಿರನ್ನ ಕೀಳು ಮಾಡಿ ನಿಮ್ಮ ಗಂಡಸ್ತನ ಕಾಪಾಡ್ಕೊಬೇಡಿ. ಸ್ಕರ್ಟ್ ಹಾಕೋರಲ್ಲಿ ಸೆಖೆಗೆ ಹಾಕೋರೂ ಇದಾರೆ, ಚೆಂದಕ್ಕೆ ಹಾಕೋರೂ ಇದಾರೆ, ತಾನು ಯಾರು ಅನ್ನೋದನ್ನ ಹೇಳ್ಕೊಳ್ಳೋಕೆ ಹಾಕೋರೂ ಇದಾರೆ. ಇವತ್ತು ನಿಮಗೆ ಬರೋ ಮಾತು ಅವ್ರು ಚಿಕ್ಕಂದಿನಿಂದ ಕೇಳ್ತಾ ಬಂದಿದ್ದು. ನಿಮ್ಮ ಉಡುಪಿಗೆ ಕಾನೂನಿನ ಬಲ ಕೊಟ್ಟಿದ್ದೂ ಅವ್ರ ಹೋರಾಟವೇ, 2014ರ ನಾಲ್ಸಾ ತೀರ್ಪಲ್ಲಿ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಮಂಗಳಮುಖಿಯರ ಹಕ್ಕಿಗಾಗಿ ಹಾಕಿದ ಕೇಸು) ಸುಪ್ರೀಂ ಕೋರ್ಟ್, ತನ್ನತನವನ್ನ ಉಡುಪಿನ ಮೂಲಕ ಹೇಳೋದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತೆ ಅಂತ ಹೇಳಿದೆ.

ಗಂಡಸು ಸ್ಕರ್ಟ್ ಹಾಕ್ಬಾರ್ದು ಅನ್ನೋ ಕಾನೂನು ನಮ್ಮ ದೇಶದಲ್ಲಿಲ್ಲ. ಗೇಟಲ್ಲಿ ತಡೆಯೋದು ಬೇರೆ ವಿಷಯ. 2024ರ ಜುಲೈಯಲ್ಲಿ ಬೆಂಗಳೂರು ಮಾಗಡಿ ರಸ್ತೆಯ ಮಾಲ್ ಒಂದ್ರಲ್ಲಿ ಪಂಚೆ ಉಟ್ಟ ರೈತರನ್ನ ಒಳಗೆ ಬಿಡ್ಲಿಲ್ಲ, ರಾಜ್ಯ ಪೂರ್ತಿ ಸಿಟ್ಟಾಯ್ತು, ಸರ್ಕಾರ ಆ ಮಾಲನ್ನ ಒಂದು ವಾರ ಮುಚ್ಚಿಸ್ತು. ತಮಿಳುನಾಡಲ್ಲಿ ಕ್ಲಬ್ ಒಂದು ಪಂಚೆ ಉಟ್ಟ ಜಡ್ಜನ್ನೇ ತಡೆದಿದ್ದಕ್ಕೆ 2014ರಲ್ಲಿ ಅದ್ರ ವಿರುದ್ಧ ಕಾನೂನೇ ಬಂತು. ಪಂಚೆಗೆ ಸಿಕ್ಕ ಆ ಮರ್ಯಾದೆ ಕಿಲ್ಟಿಗೆ ಇನ್ನೂ ಸಿಕ್ಕಿಲ್ಲ, ಸಿಗ್ಬೇಕು ಅಂತ ನನ್ನ ಆಸೆ.

ಆಫೀಸಿಗೆ ಡ್ರೆಸ್ ಕೋಡ್ ಇದ್ರೆ ಮೊದ್ಲು ಬರಹದಲ್ಲಿ ಕೇಳಿ. ಬಿಸಿಲು ಹೆಚ್ಚಿರೋ ಏಪ್ರಿಲಲ್ಲಿ ಕೇಳಿದ್ರೆ ಕಾರಣ ಅರ್ಥ ಆಗುತ್ತೆ, 2017ರ ಜೂನಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಶಾಲಾ ಹುಡುಗರು, ಫ್ರಾನ್ಸಿನ ನಾಂತ್ ಊರಿನ ಬಸ್ ಡ್ರೈವರುಗಳು ಚಡ್ಡಿಗೆ ಪರ್ಮಿಶನ್ ಸಿಗದೇ ಸ್ಕರ್ಟ್ ಹಾಕ್ಕೊಂಡು ಬಂದಿದ್ದು ಸೆಖೆಗೇ. ದೇವಸ್ಥಾನದಲ್ಲಿ ಅಲ್ಲಿನ ಪದ್ಧತಿ ಪಾಲ್ಸಿ, ಗೋಕರ್ಣದ ಗರ್ಭಗುಡಿಗೆ ಅಂಗಿ ತೆಗೆದು ಪಂಚೆ ಉಟ್ಟೇ ಹೋಗೋದು, ಬ್ಯಾಗಲ್ಲಿ ಒಂದು ಪಂಚೆ ಇಟ್ಕೊಳ್ಳಿ.

ಒಗೆಯೋದು, ಒಣಗ್ಸೋದು

ಒಗೆಯೋ ಮೊದ್ಲು ನೆರಿಗೆ ಕೆಳತುದಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕ್ಬಿಡಿ, ಹತ್ತು ನಿಮಿಷದ ಕೆಲಸ, ಆಮೇಲೆ ಇಸ್ತ್ರಿಗೆ ಒಂದು ಗಂಟೆ ಉಳಿಯುತ್ತೆ. ಕಲ್ಲಿಗೆ ಬಡೀಬೇಡಿ, ಹಿಂಡಬೇಡಿ, ನೀರು ಇಳಿಯೋಕೆ ಸೊಂಟದ ಪಟ್ಟಿಗೆ ಕ್ಲಿಪ್ ಹಾಕಿ ತೂಗು ಹಾಕಿ. ಆಷಾಢದಲ್ಲಿ ಬಚ್ಚಲ ಒಲೆ ಹತ್ರ ಹಗ್ಗಕ್ಕೆ ಹಾಕೋದು ಬಿಟ್ರೆ ಬೇರೆ ದಾರಿ ಇಲ್ಲ, ಹೊಗೆ ವಾಸನೆ ಸ್ವಲ್ಪ ಬರುತ್ತೆ, ಬೂಷ್ಟಿಗಿಂತ ವಾಸಿ. ಇಸ್ತ್ರಿ ಪೆಟ್ಟಿಗೇನ ಬಟ್ಟೆ ಮೇಲೆ ಎಳೀಬೇಡಿ, ನೆರಿಗೆ ಮೇಲೆ ತೆಳು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಇಟ್ಟು ಒತ್ತಿ, ಎತ್ತಿ, ಮುಂದಿನದಕ್ಕೆ ಹೋಗಿ. ಹೀಗೆ ಮಾಡಿದ್ರೆ ಬಟ್ಟೆ ಮೇಲೆ ಇಸ್ತ್ರಿಯ ಹೊಳಪು ಕಲೆ ಬೀಳಲ್ಲ.

ಎರಡನೇದು ಹೊಲ್ಸೋವಾಗ ಮೊದಲ್ನೇದನ್ನೇ ಟೈಲರಿಗೆ ಕೊಡಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ಚಾಕ್‌ಪೀಸಲ್ಲಿ ಗುರುತು ಹಾಕಿ ಕೊಟ್ರೆ ಇನ್ನೂ ಚೊಲೋ. ಬಕಲ್ ಒಂದಿಂಚು ಆಚೀಚೆ ಮಾಡೋಕೆ ಆಗೋ ಹಾಗೆ ಎಕ್ಸ್‌ಟ್ರಾ ತೂತು ಹಾಕ್ಸಿ, ಮದುವೆ ಸೀಸನ್ ಮುಗಿದಾಗ ಬೇಕಾಗುತ್ತೆ.